ನಿತ್ಯಪುಷ್ಪ: ಔಷಧಿ ಹೌದು, ಕಷಾಯಕ್ಕಲ್ಲ

ನಿತ್ಯಪುಷ್ಪಕ್ಕೆ ಸದಾಪುಷ್ಪ, ಕಾಶಿ ಕಣಗಿಲೆ ಅಂತಲೂ ಹೆಸರು. ಕಲಬುರಗಿಯ ಜೇವರ್ಗಿ ಕಾಲೋನಿಯ ಕುಂಡದಲ್ಲಾಗಲಿ, ಕಮಲಾಪುರ ಕಡೆಯ ಹಳ್ಳಿ ಅಂಗಳದಲ್ಲಾಗಲಿ ನೀರು ಕಡಿಮೆಯಾದರೂ ಹೂ ಬಿಡುವ ಗಿಡ. ಇಂಥ ಗಿಡಗಳ ರಸ ಸ್ತನ ಕ್ಯಾನ್ಸರಿನ ಜೀವಕೋಶಗಳನ್ನು ಮಾತ್ರ ಆರಿಸಿ ಕೊಲ್ತದ ಎಂಬ ಮಾತು ಆಗಾಗ ಕೇಳಿ ಬರ್ತದ. ಇದರಲ್ಲಿ ನಿಜ ಎಷ್ಟು, ನೋಡೋಣ.

ಆರಿಸಿ ಕೊಲ್ಲುವುದು ಅಂದರೇನು?

ರೈತರಿಗೆ ಇದು ಹೊಸದಲ್ಲ. ಜೋಳದ ಹೊಲಕ್ಕೆ ೨,೪-ಡಿ ಹೊಡೆದರೆ ಅಗಲ ಎಲೆಯ ಕಸ ಸಾಯ್ತದ, ಜೋಳ ಉಳೀತದ. ಅಳತೆ ಹೆಚ್ಚಾದರೆ ಜೋಳಕ್ಕೂ ಪೆಟ್ಟು. ಗಾಳಿಗೆ ಹಾರಿ ಪಕ್ಕದ ತೊಗರಿಗೆ ಬಿದ್ದರಂತೂ ಎಲೆ ಮುದುರಿ ಹೋಗ್ತದ.

ಪ್ರಯೋಗಾಲಯದಲ್ಲೂ ಹೀಗೇ ನೋಡ್ತಾರ. ಒಂದು ತಟ್ಟೆಯಲ್ಲಿ ಕ್ಯಾನ್ಸರ್ ಜೀವಕೋಶ, ಇನ್ನೊಂದರಲ್ಲಿ ಒಳ್ಳೆಯ ಜೀವಕೋಶ ಬೆಳೆಸಿ ಒಂದೇ ಅಳತೆಯ ರಸ ಹಾಕ್ತಾರ. ಮೊದಲನೆಯವು ಹೆಚ್ಚು ಸತ್ತು ಎರಡನೆಯವು ಉಳಿದರೆ ರಸ ಆರಿಸಿ ಕೊಂದಿತು ಅಂತ ಲೆಕ್ಕ. ಆದರೆ ತಟ್ಟೆಯಲ್ಲಿ ಜಠರ ಇಲ್ಲ, ಲಿವರ್ ಇಲ್ಲ, ಹರಿಯುವ ರಕ್ತ ಇಲ್ಲ. ಅಲ್ಲಿ ಗೆದ್ದ ರಸಗಳಲ್ಲಿ ಔಷಧಿಯಾಗುವುದು ಬಹಳ ಕಡಿಮೆ.

ಗಿಡದಿಂದ ಸೂಜಿಗೆ

ಆ ಕೆಲವೇ ಗಿಡಗಳಲ್ಲಿ ನಿತ್ಯಪುಷ್ಪ ಒಂದು. ಜಮೈಕಾದಲ್ಲಿ ಸಕ್ಕರೆ ಕಾಯಿಲೆಗೆ ಇದರ ಎಲೆ ಕುದಿಸಿ ಕುಡೀತಿದ್ದರು. ಕೆನಡಾದ ವಿಜ್ಞಾನಿಗಳಾದ ರಾಬರ್ಟ್ ನೋಬಲ್ ಮತ್ತು ಚಾರ್ಲ್ಸ್ ಬಿಯರ್ ಇಲಿಗಳ ಮೇಲೆ ಪರೀಕ್ಷಿಸಿದಾಗ ಸಕ್ಕರೆ ಇಳಿಯಲಿಲ್ಲ, ರಕ್ತದ ಬಿಳಿ ಕಣಗಳು ಇಳಿದವು. ಆ ಜಾಡು ಹಿಡಿದು ಅವರು ೧೯೫೮ರಲ್ಲಿ ವಿನ್‌ಬ್ಲಾಸ್ಟಿನ್ ಎಂಬ ಔಷಧಿಯನ್ನು ಲೋಕಕ್ಕೆ ತಿಳಿಸಿದರು. ಇದೇ ಗಿಡದ ಅಂಶವನ್ನು ಮಾರ್ಪಡಿಸಿ ಮಾಡಿದ ವಿನೊರೆಲ್‌ಬಿನ್ ಅನ್ನು ಈಗ ಮುಂದುವರಿದ ಸ್ತನ ಕ್ಯಾನ್ಸರಿಗೆ ಕೊಡ್ತಾರ.

ಜೀವಕೋಶ ಒಡೆದು ಎರಡಾಗಲು ಒಳಗೆ ನೂಲಿನಂಥ ಎಳೆಗಳು ಬೇಕು. ಈ ಔಷಧಿ ಆ ಎಳೆ ಕಟ್ಟದಂತೆ ತಡೀತದ. ಕ್ಯಾನ್ಸರ್ ಜೀವಕೋಶ ಬಿಡುವಿಲ್ಲದೆ ಒಡೆಯುವುದರಿಂದ ಹೆಚ್ಚು ಸಾಯ್ತದ. ಆದರೆ ಮೂಳೆಯೊಳಗೆ ರಕ್ತ ತಯಾರಿಸುವ ಜೀವಕೋಶಗಳೂ ಬೇಗ ಬೇಗ ಒಡೀತಾವ. ಅವಕ್ಕೂ ಪೆಟ್ಟು ಬೀಳ್ತದ. ಅದಕ್ಕೇ ವೈದ್ಯರು ರಕ್ತ ಪರೀಕ್ಷೆ ಮಾಡಿ, ಎತ್ತರ-ತೂಕ ಲೆಕ್ಕ ಹಾಕಿ, ಮಿಲಿಗ್ರಾಂ ಅಳತೆಯಲ್ಲಿ ಕೊಡ್ತಾರ.

ಕಷಾಯ ಯಾಕೆ ಬೇಡ?

ಕ್ವಿಂಟಾಲ್‌ಗಟ್ಟಲೆ ಒಣ ಎಲೆಯಿಂದ ಈ ಔಷಧಿ ಸಿಗೋದು ಗ್ರಾಂ ಲೆಕ್ಕದಲ್ಲಿ. ಎಲೆಯಲ್ಲಿ ಬೇರೆ ವಿಷದ ಅಂಶಗಳೂ ಇವೆ. ಒಂದು ಲೋಟದಲ್ಲಿ ಯಾವುದು ಎಷ್ಟು ಇಳೀತು ಅಂತ ಮನೆಯಲ್ಲಿ ಅಳೆಯಲು ಬರೋದಿಲ್ಲ. ಗಂಟಿಗೆ ಸಾಲುವಷ್ಟು ಔಷಧಿ ಸಿಗದೆ, ಮೈಗೆ ವಿಷ ಮಾತ್ರ ಸೇರೀತು. ಕಿಮೋ ನಡೆದಿರುವಾಗ ಕುಡಿದರೆ ಅಪಾಯ ಇನ್ನೂ ಹೆಚ್ಚು.

ಎಲ್ಲಕ್ಕಿಂತ ದೊಡ್ಡ ನಷ್ಟ ದಿನಗಳದ್ದು. ಕಸ ಬೀಜ ಕಟ್ಟುವ ಮೊದಲೇ ಎಡೆ ಹೊಡೀಬೇಕು; ಆಮೇಲೆ ಹೊಡೆದರೆ ಮುಂದಿನ ವರ್ಷ ಹೊಲ ತುಂಬ ಅದೇ. ಕ್ಯಾನ್ಸರೂ ಹಾಗೇ, ತಡಮಾಡಿದರೆ ಬೇರೆ ಅಂಗಗಳಿಗೆ ಹಬ್ಬುತ್ತದೆ.

ಮನೆಯ ಹೆಣ್ಣುಮಕ್ಕಳಿಗೆ ಹೇಳ್ರಿ: ಮೊಲೆಯಲ್ಲಿ ಅಥವಾ ಕಂಕುಳಲ್ಲಿ ಗಂಟು, ಚರ್ಮ ಒಳಗೆ ಎಳೆದಂತಾಗುವುದು, ತೊಟ್ಟು ಹೊಸದಾಗಿ ಒಳಸೇರುವುದು, ತೊಟ್ಟಿನಿಂದ ರಕ್ತ ಬರುವುದು, ಇವು ಕಂಡರೆ ನೋವಿಲ್ಲ ಅಂತ ಸುಮ್ಮನಿರಬಾರದು. ನಾಚಿಕೆಯೂ ಬೇಡ. ಕಲಬುರಗಿಯಲ್ಲೇ ಕಿದ್ವಾಯಿ ಸಂಸ್ಥೆಯ ಕ್ಯಾನ್ಸರ್ ಕೇಂದ್ರ ಇದೆ. ಹೋಗುವಾಗ ಬಿಪಿಎಲ್ ಕಾರ್ಡು, ಆಧಾರ್ ಒಯ್ಯಿರಿ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕ್ಯಾನ್ಸರ್ ಚಿಕಿತ್ಸೆಯೂ ಸೇರಿದೆ.