ಹೊಸ ಚೈನು, ಹಳೆಯ ಹಲ್ಲು

ಪ್ರಶ್ನೆ: ಗೇರ್ ಸೈಕಲ್ಲಿಗೆ ಹೊಸ ಚೈನ್ ಹಾಕಿಸಿದ ಮೇಲೆ ಏರಿನಲ್ಲಿ ಪೆಡಲ್ ಒತ್ತಿದರೆ ಜಾರುತ್ತಿದೆ. ಹಳೆಯದು ಜಾರುತ್ತಿರಲಿಲ್ಲ. ಯಾಕೆ?

ಉತ್ತರ: ಚೈನನ್ನು ಬೈಯಬೇಡಿ; ತಪ್ಪು ಬಹುಮಟ್ಟಿಗೆ ಹಿಂದಿನ ಹಲ್ಲುಚಕ್ರದ್ದು. ಚೈನಿನಲ್ಲಿ ಪಿನ್ನಿನಿಂದ ಪಿನ್ನಿಗೆ ಅರ್ಧ ಇಂಚು, ಅಂದರೆ 12.7 ಮಿ.ಮೀ. ಅಂತರ. ಚೈನ್ ಉದ್ದವಾಗಿದೆ ಎನ್ನುತ್ತೇವಾದರೂ ಉಕ್ಕೇನೂ ಹಿಗ್ಗಿರುವುದಿಲ್ಲ. ಎಣ್ಣೆಗೆ ಅಂಟಿದ ದೂಳು ಪಿನ್ನುಗಳನ್ನು ಅರೆದು ಅಂತರ ಹೆಚ್ಚಿಸಿರುತ್ತದೆ. ಆ ಕೆಟ್ಟ ಅಳತೆಗೆ ತಕ್ಕಂತೆ ಹಲ್ಲುಗಳೂ ಸವೆಯುತ್ತವೆ, ಹಾಗಾಗಿಯೇ ಹಳೆಯ ಜೋಡಿ ಹೊಂದಿಕೊಂಡು ಓಡುತ್ತಿತ್ತು. ಸರಿಯಳತೆಯ ಚೈನ್ ಬಂದಾಗ ಸವೆದ ಹಲ್ಲಿನ ಬುಡದಲ್ಲಿ ರೋಲರ್ ಭದ್ರವಾಗಿ ಕೂರದೆ, ಭಾರ ಬಿದ್ದೊಡನೆ ಮೇಲೇರಿ ಹಾರುತ್ತದೆ.

ಗೇರ್ ಕೇಬಲ್ ಸರಿಮಾಡಿದರೆ ಸಾಕಲ್ಲವೇ ಎಂದು ಕೇಳಬಹುದು. ಕೇಬಲ್ಲಿನ ದೋಷವಾದರೆ ಹಗುರವಾಗಿ ತುಳಿದಾಗಲೂ, ಹಲವು ಗೇರುಗಳಲ್ಲಿ ಕಟಕಟ ಸದ್ದು ಬರಬೇಕು. ನೀವು ಹೆಚ್ಚು ಬಳಸುವ ಒಂದೆರಡು ಗೇರುಗಳಲ್ಲಿ ಮಾತ್ರ, ಅದೂ ಬಲವಾಗಿ ಒತ್ತಿದಾಗ ಮಾತ್ರ ಜಾರಿದರೆ ಸವೆತವೇ ಕಾರಣ. ಪೆಡಲ್ ಎರಡು ಮೂರು ಸುತ್ತು ಬಂದಾಗಲೊಮ್ಮೆ ತಪ್ಪದೆ ಎಗರಿದರೆ, ಜೋಡಣೆಯ ಜಾಗದಲ್ಲಿ ಬಿಗಿಯಾದ ಕೊಂಡಿಯಿರುತ್ತದೆ. ಹಿಮ್ಮುಖ ತಿರುಗಿಸಿದರೆ ಅದು ಕಣ್ಣಿಗೇ ಬೀಳುತ್ತದೆ. ಓಡಿಸುತ್ತಾ ಹೊಂದಿಕೊಳ್ಳುತ್ತದೆ ಎನ್ನುವ ಮೆಕ್ಯಾನಿಕ್ ಸಲಹೆ ಪೂರ್ತಿ ಸುಳ್ಳಲ್ಲ, ಆದರೆ ಹೊಸ ಚೈನ್ ಹಾಳಾದ ಮೇಲಷ್ಟೇ! ಹಳೆಯ ಚೈನ್ ಉಳಿದಿದ್ದರೆ ಅಳೆಯಿರಿ: 12 ಇಂಚಿಗೆ 1/16 ಇಂಚು ಹೆಚ್ಚಿದ್ದರೆ ಚೈನ್ ಬದಲಿಸಿದರೆ ಸಾಮಾನ್ಯವಾಗಿ ಸಾಕು, 1/8 ಇಂಚು ದಾಟಿದ್ದರೆ ಹಿಂದಿನ ಹಲ್ಲುಚಕ್ರಗಳನ್ನೂ ಬದಲಿಸಿ.