ನಿಮಗಿದು ಗೊತ್ತೇ? ಮಲೆನಾಡಿನ ಚಳಿಗಾಲದ ತಿನಿಸು

● ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಚಳಿಯೆಂದರೆ ಕಬ್ಬು ಅರೆದು ಬೆಲ್ಲ ಕಾಯಿಸುವ ಆಲೆಮನೆಯ ಕಾಲ. ಚಳಿ ಬಿದ್ದೊಡನೆ ಕಬ್ಬು ಬೆಳೆಯುವುದನ್ನು ನಿಧಾನಿಸಿ, ಸಿಹಿಯನ್ನು ಒಳಗೇ ಕೂಡಿಡುತ್ತದೆ. ಅದಕ್ಕೇ ಗಾಣ ಹೂಡಲು ಈ ತಿಂಗಳುಗಳೇ ಬೇಕು.

● ಕಬ್ಬಿನ ಹಾಲು ಕೆಲವೇ ಗಂಟೆಗಳಲ್ಲಿ ಹುಳಿಯುತ್ತದೆ. ಗಾಣದ ಪಕ್ಕದಲ್ಲೇ ಕೊಪ್ಪರಿಗೆಯ ಒಲೆ ಇರುವುದು ಇದಕ್ಕಾಗಿ. ಕುದಿಯುವಾಗ ಒಂದಿಷ್ಟು ಸುಣ್ಣ ಬಿದ್ದರೆ ಕೊಳೆ ನೊರೆಯಾಗಿ ಮೇಲೆ ಬರುತ್ತದೆ, ತೆಗೆದು ಚೆಲ್ಲಬಹುದು.

● ಸುಮಾರು 105 ಡಿಗ್ರಿ ಸೆಲ್ಸಿಯಸ್‌ಗೆ ಕೊಪ್ಪರಿಗೆ ಇಳಿಸಿದರೆ ನೀರಾಗಿರುವ ಜೋನಿಬೆಲ್ಲ. 118ರ ಆಸುಪಾಸು ಮುಟ್ಟಿದರೆ ಗಟ್ಟಿಬೆಲ್ಲ. ನುರಿತವರಿಗೆ ಥರ್ಮಾಮೀಟರ್ ಬೇಡ, ಪಾಕದ ಹನಿಯನ್ನು ತಣ್ಣೀರಿಗೆ ಬಿಟ್ಟು ಹದ ಹೇಳುತ್ತಾರೆ. ಕೆನಡಾದವರೂ ಚಳಿ ಮುಗಿಯುವ ಹೊತ್ತಿಗೆ ಮೇಪಲ್ ಮರದ ರಸ ಕಾಯಿಸುತ್ತಾರೆ. ಅಲ್ಲಿ ಸುಮಾರು 40 ಲೀಟರ್ ಕಾಯಿಸಿದರೆ ಸಿಗುವುದು 1 ಲೀಟರ್ ಪಾಕ! ನಮ್ಮ ಕಬ್ಬು ಎಷ್ಟೋ ಧಾರಾಳಿ.

● ತೊಡದೇವು ಎಂಬ ತೆಳು ಸಿಹಿತಿನಿಸು ಮಾಡಲು ಕಾವಲಿ ಬೇಡ, ಬೋರಲು ಹಾಕಿದ ಮಡಕೆ ಬೇಕು. ಕೆಳಗೆ ಉರಿ, ಮೇಲೆ ಎಣ್ಣೆಯ ಪಸೆ. ಅಕ್ಕಿ ಹಿಟ್ಟನ್ನು ಕಬ್ಬಿನ ಹಾಲಿನಲ್ಲಿ ತೆಳ್ಳಗೆ ಕಲಸಿ, ಕೋಲಿಗೆ ಸುತ್ತಿದ ಬಟ್ಟೆಯಿಂದ ಒಂದೇ ಎಳೆತಕ್ಕೆ ಬಳಿಯಬೇಕು. ಕ್ಷಣದಲ್ಲಿ ಬೇಯುತ್ತದೆ, ಬಿಸಿ ಇರುವಾಗಲೇ ಎಬ್ಬಿಸಿ ಮಡಚದಿದ್ದರೆ ಮುರಿದೇ ಹೋಗುತ್ತದೆ. ಗರಿಗರಿ ಉಳಿಯುವುದು ಒಣಹವೆಯಲ್ಲಿ. ಮಳೆಗಾಲದಲ್ಲಿ ಡಬ್ಬಿ ತೆರೆದಿಟ್ಟರೆ ಮೆತ್ತಗಾಗುತ್ತದೆ. ತಿನ್ನುವ ಕ್ರಮ: ಮೇಲೆ ತುಪ್ಪ, ಬೇಕಿದ್ದರೆ ಹಾಲು. ಬರೀ ತಿನ್ನುವವರ ಬಗ್ಗೆ ನನಗೆ ಅನುಮಾನ.

● ತೀರ್ಥಹಳ್ಳಿಯ ರಾಮೇಶ್ವರ ದೇವರ ಎಳ್ಳಮಾವಾಸ್ಯೆ ಜಾತ್ರೆಯಲ್ಲಿ ಜನ ಕೊರೆಯುವ ಚಳಿಯಲ್ಲೇ ತುಂಗೆಗೆ ಇಳಿದು ಮೀಯುತ್ತಾರೆ. ಪರಶುರಾಮ ಕೊಡಲಿಯ ನೆತ್ತರು ತೊಳೆದದ್ದು ಇಲ್ಲೇ ಎಂಬ ನಂಬಿಕೆ. ಮಿಂದು ಬಂದವರಿಗೆ ಮಂಡಕ್ಕಿ, ಬೆಂಡು ಬತ್ತಾಸಿನ ಅಂಗಡಿಗಳು ಕಾದಿರುತ್ತವೆ.

● ಸುವರ್ಣಗೆಡ್ಡೆ ಕೀಳುವುದೂ ಚಳಿಗಾಲದಲ್ಲೇ, ಗಿಡದ ಎಲೆ ಹಣ್ಣಾಗಿ ಒಣಗಿದ ಮೇಲೆ. ನಾಲಿಗೆ ತುರಿಸುವುದು ಅದರೊಳಗಿನ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಹರಳಿನಿಂದ. ಮದ್ದು ಹುಣಸೆ ಅಥವಾ ವಾಟೆಹುಳಿ.

● ಕಾಳುಮೆಣಸಿನ ಕೊಯ್ಲೂ ಚಳಿಯಲ್ಲೇ. ಹಸಿರು, ಕಪ್ಪು, ಬಿಳಿ, ಮೂರೂ ಒಂದೇ ಬಳ್ಳಿಯವು. ಎಳೆಯದು ಉಪ್ಪಿನಕಾಯಿಗೆ, ಸಿಪ್ಪೆಸಮೇತ ಒಣಗಿದ್ದು ಸಾರಿಗೆ, ಹಣ್ಣಿನ ಸಿಪ್ಪೆ ಕಳೆದದ್ದು ಬಿಳಿ.

● ಉಪ್ಪಿನಕಾಯಿಯ ಮಾವಿನಮಿಡಿ, ಅಪ್ಪೆಮಿಡಿಯ ಹಣೆಬರಹವೂ ಚಳಿಗಾಲದಲ್ಲೇ ನಿರ್ಧಾರ. ಮಾವು ಹೂ ಬಿಟ್ಟಾಗ ಮೋಡ ಮುಸುಕಿದರೆ ಬೂದಿರೋಗ, ಜಿಗಿಹುಳದ ಕಾಟ. ಅದಕ್ಕೇ ಜನವರಿಯಲ್ಲಿ ಮೋಡ ಕಂಡರೆ ಇಲ್ಲಿಯವರು ಈ ವರ್ಷ ಎಷ್ಟು ಭರಣಿ ತುಂಬೀತು ಎಂದು ಲೆಕ್ಕ ಹಾಕತೊಡಗುತ್ತಾರೆ.