ಹಲ್ಲು ಬೀಳುವುದು ಪ್ರಾಯಕ್ಕಲ್ಲ

"ಪ್ರಾಯ ಆಯ್ತಲೆ, ಹಲ್ ಬೀಳ್ದೆ ಇರತ್ತಾ?" ಬೀಜಾಡಿ, ಕೋಟೇಶ್ವರದ ಕಡೆ ಅರವತ್ತು ದಾಟಿದವರ ಹಲ್ಲು ಅಲುಗಾಡಿದರೆ ಬರುವ ಮಾತು ಇದು. ಹಲ್ಲು ಬೀಳುವುದನ್ನು ಕೂದಲು ನರೆಯುವುದರ ಸಾಲಿಗೆ ಸೇರಿಸಿ ಸುಮ್ಮನಾಗಿಬಿಡುತ್ತೇವೆ. ಈ ನಂಬಿಕೆಯನ್ನು ಪರೀಕ್ಷೆಗೆ ಒಡ್ಡಿದವರು ನಾರ್ವೆ ಮೂಲದ ದಂತವಿಜ್ಞಾನಿ ಹೆರಾಲ್ಡ್ ಲೋ. ಶ್ರೀಲಂಕಾದ ಚಹಾ ತೋಟಗಳ 480 ಗಂಡಾಳುಗಳ ಬಾಯನ್ನು ಅವರ ತಂಡ 1970ರಿಂದ 1985ರವರೆಗೆ ಮತ್ತೆ ಮತ್ತೆ ಅಳೆಯಿತು. ಆ ಆಳುಗಳಿಗೆ ಬ್ರಷ್ಷೂ ಗೊತ್ತಿರಲಿಲ್ಲ, ದಂತವೈದ್ಯರೂ ಗೊತ್ತಿರಲಿಲ್ಲ. ಎಲ್ಲರ ಹಲ್ಲಿನ ಮೇಲೂ ಪಾಚಿ, ಎಲ್ಲರ ವಸಡಿನಲ್ಲೂ ಊತ. ಆದರೂ ನೂರಕ್ಕೆ 8 ಜನರಲ್ಲಿ ವಸಡಿನ ಹಿಡಿತ ಬೇಗ ಬೇಗ ಕಳಚಿ, 45ರ ಹೊತ್ತಿಗೆ ಸರಾಸರಿ 13 ಮಿಲಿಮೀಟರ್ ಹೋಗಿತ್ತು. 81 ಜನರಲ್ಲಿ ಸುಮಾರು 7 ಮಿಲಿಮೀಟರ್. ಉಳಿದ 11 ಜನರಲ್ಲಿ ರೋಗ ವಸಡಿನ ಊತವನ್ನು ದಾಟಿ ಮುಂದೆ ಹೋಗಲೇ ಇಲ್ಲ. ಪ್ರಾಯವೇ ಕಾರಣವಾಗಿದ್ದರೆ ಒಂದೇ ಪ್ರಾಯದ, ಒಂದೇ ತೋಟದ ಜನರಲ್ಲಿ ಇಷ್ಟು ಅಂತರ ಎಲ್ಲಿಂದ ಬಂತು? "ನಮ್ಮಜ್ಜ ಬ್ರಷ್ ಮುಟ್ಟದೆ ತೊಂಬತ್ತರಲ್ಲೂ ಚಕ್ಕುಲಿ ಕಡೀತಿದ್ರು" ಎನ್ನುವವರಿಗೂ ಉತ್ತರ ಇಲ್ಲೇ ಇದೆ. ಆ ಅಜ್ಜ ನೂರರಲ್ಲಿ ಉಳಿದ ಆ ಹನ್ನೊಂದು ಜನರ ಪೈಕಿ ಒಬ್ಬರು. ಉಳಿದ ಎಂಬತ್ತೊಂಬತ್ತು ಅಜ್ಜಂದಿರ ಕಥೆಯನ್ನು ಯಾರೂ ಹೇಳುವುದಿಲ್ಲ.

ಹಿಡಿತ ಎಂದೆ. ಹಲ್ಲು ದವಡೆಯಲ್ಲಿ ಗೂಟದಂತೆ ಹುಗಿದು ನಿಂತಿದೆ ಎಂದು ನಾವು ಭಾವಿಸುತ್ತೇವೆ. ನಿಜಕ್ಕೂ ಅದು ನಾಲ್ಕೂ ಕಡೆ ಹಗ್ಗ ಬಿಗಿದು ನಿಲ್ಲಿಸಿದ ದೋಣಿ. ಬೇರಿಗೂ ಎಲುಬಿಗೂ ನಡುವೆ ಸುಮಾರು ಕಾಲು ಮಿಲಿಮೀಟರ್ ಸಂದಿಯಿದ್ದು, ಸಾವಿರಾರು ಸೂಕ್ಷ್ಮ ಎಳೆಗಳು ಹಲ್ಲನ್ನು ಆ ಸಂದಿಯಲ್ಲಿ ತೂಗಿ ಹಿಡಿದಿವೆ. ಅಗಿಯುವಾಗ ಬೀಳುವ ಒತ್ತಡವನ್ನು ತಾಳಿಕೊಳ್ಳುವುದು ಈ ಎಳೆಗಳೇ. ಅವುಗಳ ಜತೆಗಿರುವ ನರಗಳಂತೂ ಬಹಳ ಚುರುಕು. ಎರಡು ಸ್ವಂತ ಹಲ್ಲುಗಳ ನಡುವೆ ಮಿಲಿಮೀಟರಿನ ಐವತ್ತನೇ ಒಂದು ಪಾಲಿನಷ್ಟು ತೆಳುವಾದ ಹಾಳೆ ಸಿಕ್ಕರೂ ನಮಗೆ ತಿಳಿಯುತ್ತದೆ. ಕುಚ್ಚಿಗೆ ಗಂಜಿಯಲ್ಲಿ ಒಂದು ಮರಳಕಣ ಬಂದರೆ ತಟ್ಟನೆ ಗೊತ್ತಾಗುವುದು ಹೀಗೆ. ಸೆಟ್ ಹಲ್ಲಿಗೆ ಎಳೆಗಳೇ ಇಲ್ಲ, ಹಾಗಾಗಿ ಈ ಸೂಕ್ಷ್ಮವೂ ಇಲ್ಲ. ಹಲ್ಲು ಹೋದಾಗ ಅಗಿಯುವ ಸಾಧನದ ಜತೆಗೆ ಒಂದು ಸ್ಪರ್ಶೇಂದ್ರಿಯವೂ ಹೋಗುತ್ತದೆ.

ಎಳೆಗಳನ್ನು ಕಡಿಯುವುದು ಪಾಚಿಯೊಳಗಿನ ಬ್ಯಾಕ್ಟೀರಿಯಾ, ಜತೆಗೆ ಅವುಗಳ ಮೇಲೆ ನಮ್ಮ ದೇಹವೇ ಹೂಡುವ ಹೋರಾಟ. ಲೋ ಡೆನ್ಮಾರ್ಕಿನಲ್ಲಿ ಆರೋಗ್ಯವಂತರಿಗೆ ಹಲ್ಲುಜ್ಜುವುದನ್ನು ನಿಲ್ಲಿಸಲು ಹೇಳಿ ನೋಡಿದರು. ಹತ್ತರಿಂದ ಇಪ್ಪತ್ತೊಂದು ದಿನಗಳಲ್ಲಿ ಎಲ್ಲರ ವಸಡೂ ಊದಿತು. ಉಜ್ಜಲು ಶುರುಮಾಡಿದ ಮೇಲೆ ಸುಮಾರು ಒಂದು ವಾರದಲ್ಲಿ ಇಳಿಯಿತು. ಈ ಫಲಿತಾಂಶ ಪ್ರಕಟವಾದದ್ದು 1965ರಲ್ಲಿ. ಅದೇ ವರ್ಷ ನಮ್ಮ ಮಣಿಪಾಲದಲ್ಲಿ ದಂತವೈದ್ಯ ಕಾಲೇಜು ಶುರುವಾಯಿತು. ಅಷ್ಟು ವರ್ಷಗಳಿಂದ ಕಾಲೇಜು ಇಷ್ಟು ಹತ್ತಿರದಲ್ಲಿದ್ದರೂ "ಕ್ಲೀನ್ ಮಾಡ್ಸಿರೆ ಹಲ್ ಸಡ್ಲ ಆತ್ತ್" ಎಂಬ ಮೂಢನಂಬಿಕೆ ಮಾತ್ರ ಒಂದಿಷ್ಟೂ ಸಡಿಲವಾಗಿಲ್ಲ! ಕ್ಲೀನ್ ಮಾಡಿಸಿದ ಮೇಲೆ ಕೆಲವರ ಹಲ್ಲು ಅಲುಗಾಡಿದಂತೆ ಅನಿಸುವುದು ಹೌದು. ತೆಗೆಯದ ಪಾಚಿ ಎಂಜಲಿನ ಸುಣ್ಣದಂಶ ಹೀರಿ ಗಟ್ಟಿಯಾಗಿ ಕಿಟ್ಟವಾಗುತ್ತದೆ. ಕೆಳಗಿನ ಮುಂಬಲ್ಲುಗಳ ಹಿಂಬದಿಯಲ್ಲಿ ನಾಲಿಗೆ ಆಡಿಸಿದರೆ ಆ ಒರಟು ತಾಗುತ್ತದೆ. ಹಿಡಿತ ಕಳೆದುಕೊಂಡ ಹಲ್ಲುಗಳನ್ನು ಈ ಕಿಟ್ಟವೇ ಒಂದಕ್ಕೊಂದು ಅಂಟಿಸಿ ನಿಲ್ಲಿಸಿರುತ್ತದೆ. ಅದನ್ನು ತೆಗೆದಾಗ ಅಲ್ಲಿಯವರೆಗೆ ಅಡಗಿದ್ದ ಅಲುಗಾಟ ಬಯಲಾಗುತ್ತದೆ, ಅಷ್ಟೆ. ಹಲ್ಲನ್ನು ಹಿಡಿದಿದ್ದ ಎಲುಬು ಕರಗಿದ್ದು ಅದೇ ಕಿಟ್ಟದ ಆಸರೆಯಲ್ಲಿ, ವರ್ಷಗಟ್ಟಲೆ ಮೊದಲೇ.

ಹಾಗಾದರೆ ಪ್ರಾಯಕ್ಕೆ ಪಾತ್ರವೇ ಇಲ್ಲವೇ? ಇದೆ, ಆದರೆ ಸುತ್ತುದಾರಿಯಲ್ಲಿ. ಬಿಪಿ, ಅಲರ್ಜಿ, ಖಿನ್ನತೆಗೆ ಕೊಡುವ ಹಲವು ಮಾತ್ರೆಗಳು ಬಾಯಿ ಒಣಗಿಸುತ್ತವೆ. ಎಂಜಲು ಕಡಿಮೆಯಾದರೆ ಬಾಯಿಯ ಹುಳಿಯನ್ನು ತಟಸ್ಥಗೊಳಿಸುವವರು ಯಾರು? ವಸಡು ಇಳಿದು ಹೊರಬಿದ್ದ ಬೇರಿಗೆ ಎನಾಮಲ್ ಕವಚವಿಲ್ಲ, ಎನಾಮಲ್ ತಾಳಿಕೊಳ್ಳುವಷ್ಟು ಹುಳಿಗೇ ಅದು ಕರಗತೊಡಗುತ್ತದೆ. ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದಿದ್ದರೆ ವಸಡು ಹಾಳಾಗುತ್ತದೆ, ವಸಡು ಹಾಳಾದರೆ ಸಕ್ಕರೆ ಹತೋಟಿಗೆ ಬರುವುದು ಕಷ್ಟವಾಗುತ್ತದೆ. ಬೇರು ಹೊರಬಿದ್ದವರು ಉಮಿಕರಿಯಿಂದ ಗಸಗಸ ತಿಕ್ಕುವುದು ಬೇಡವೇ ಬೇಡ, ಅದು ಮೆತ್ತಗಿನ ಬೇರನ್ನೇ ಸವೆಸುತ್ತದೆ. ಮೆದು ಬ್ರಷ್, ಫ್ಲೋರೈಡ್ ಪೇಸ್ಟ್, ರಾತ್ರಿ ಮಲಗುವ ಮುನ್ನ ಒಮ್ಮೆ ತಪ್ಪದೆ. ಹಲ್ಲುಗಳ ನಡುವಿನ ಸಂದಿಗೆ ಬೇರೆಯೇ ಸಣ್ಣ ಬ್ರಷ್ ಬರುತ್ತದೆ. ಉಜ್ಜುವಾಗ ರಕ್ತ ಬಂತೆಂದು ಹೆದರಿ ಆ ಜಾಗ ಬಿಟ್ಟು ಉಜ್ಜುವವರೇ ಹೆಚ್ಚು. ಹೆಚ್ಚು ಉಜ್ಜಬೇಕಾದದ್ದು ಆ ಜಾಗವನ್ನೇ, ಮೆಲ್ಲಗೆ. ಎರಡು ವಾರದಲ್ಲಿ ನಿಲ್ಲದಿದ್ದರೆ ವೈದ್ಯರಲ್ಲಿಗೆ ಹೋಗಬೇಕು.

ರಕ್ತ ಬರುವುದಿಲ್ಲ ಎಂದು ನಿಶ್ಚಿಂತೆಯಿಂದ ಇರುವ ಬೀಡಿ ಸೇದುವವರಿಗೆ ಒಂದು ಮಾತು ಬಾಕಿಯಿದೆ. ತಂಬಾಕಿನ ಹೊಗೆ ವಸಡಿನ ರಕ್ತನಾಳಗಳ ಸ್ಪಂದನೆಯನ್ನು ಕುಗ್ಗಿಸುತ್ತದೆ. ಒಳಗೆ ಎಲುಬು ಕರಗುತ್ತಿದ್ದರೂ ಹೊರಗೆ ರಕ್ತ ಕಾಣುವುದಿಲ್ಲ. ಬೀಡಿ ಬಿಟ್ಟ ಕೆಲವು ವಾರಗಳಲ್ಲಿ ರಕ್ತ ಕಾಣಿಸಿಕೊಂಡಾಗ, ಬಿಟ್ಟದ್ದರಿಂದಲೇ ವಸಡು ಹಾಳಾಯಿತೆಂದು ಮತ್ತೆ ಹಚ್ಚುವವರಿದ್ದಾರೆ. ಆ ರಕ್ತ ವಸಡಿಗೆ ಮತ್ತೆ ಜೀವ ಬಂದದ್ದರ ಗುರುತು. ವೈದ್ಯರಿಗೆ ತೋರಿಸಲು ಸರಿಯಾದ ಹೊತ್ತೂ ಅದೇ.